ಯಲ್ಲಕ್ಕ ಹಿಡಿದ ಹಗ್ಗ

ಯಲ್ಲಕ್ಕನ ಬಾಯಿಗೆ ಹೆದರಿ ಕೌಜಲಗಿಯ ತೋಳಗಳು ಮೂಡಲಗಿಯ ಕಡೆ ಗುಳೆ ಹೋದವು ಎಂದು ನಮ್ಮೂರ ಹಿರಿಯರು ಹೇಳುತ್ತಿದ್ದರು. ತೋಳಗಳನ್ನು ಯಾರೂ ವಿಚಾರಿಸಿಲ್ಲ, ನಾನಂತೂ ನಂಬಿದ್ದೇನೆ. ಮೊದಲ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಜಗತ್ತಿನ ದೊರೆಗಳು ಫಿರಂಗಿ ತೊಳೆದಿಟ್ಟು ಮನೆಗೆ ಹೋಗಿದ್ದರು. ಕುರುಬರ ಓಣಿಯ ಈ ವೀರರಾಣಿಯ ಯುದ್ಧ ಮಾತ್ರ ಇನ್ನೂ ಆರಂಭವಾಗಿರಲಿಲ್ಲ.

ಶತ್ರು ಒಂದು ದಾರ. ಜನ ಅದನ್ನು ನಾರುಹುಣ್ಣು ಎನ್ನುತ್ತಿದ್ದರು. ಕಾಲಲ್ಲಿ ಗುಳ್ಳೆ ಎದ್ದು ಒಡೆದರೆ ಒಳಗಿಂದ ಬಿಳಿ ಹುಳವೊಂದು ಇಣುಕುತ್ತಿತ್ತು. ಜಗ್ಗಿದರೆ ಹರಿದು ಕಾಲೇ ಕೀವಾಗುವ ಭಯ. ದಿನಾ ಬೆರಳಗಲದಷ್ಟು ಹುಳವನ್ನು ಕಡ್ಡಿಗೆ ಸುತ್ತುತ್ತ ಕೂಡಬೇಕು. ಯಲ್ಲಕ್ಕನ ಗಂಡ ಮಾಲಿಂಗಪ್ಪ ಬೇಸಿಗೆಯಲ್ಲಿ ಹುಕ್ಕೇರಿ ಸೀಮೆಯ ಹೊಲಗಳಿಗೆ ಕುರಿ ಹೊಡೆದುಕೊಂಡು ಹೋಗುವವನು. ಎರಡು ಬೇಸಿಗೆ ಅವನು ಕಟ್ಟೆಯ ಮೇಲೆ ಕಡ್ಡಿ ಸುತ್ತುತ್ತ ಕೂತ. ಕುರಿ ನಡೆಸಿದವನು ತಮ್ಮ ರಾಯಪ್ಪ. ಎರಡನೆಯ ಸಲ ಹೊರಡುವಾಗ ಅವನು ಅಂದ:

"ಬರೂ ವರ್ಷನೂ ನೀ ಏಳಲಿಲ್ಲ ಅಂದ್ರ ಕುರಿ ನನ್ನವು, ಅಣ್ಣಾ. ನೀ ಕಡ್ಡಿ ಇಟ್ಕೊ."

ಊರಲ್ಲಿ ಈ ದಾರ ಹೊಸಿಲು ದಾಟದ ಮನೆ ಒಂದೇ. ಜೈನರ ಕಮಲವ್ವನದು. ಕಮಲವ್ವ, ಯಲ್ಲಕ್ಕ ಒಂದೇ ವರ್ಷ ಊರಿಗೆ ಸೊಸೆಯರಾಗಿ ಬಂದವರು. ಬಾವಿಕಟ್ಟೆಯೇ ಅವರ ತವರು. ಎಲ್ಲರೂ ಮೆಟ್ಟಿಲಿಳಿದು, ಮೊಣಕಾಲವರೆಗೆ ನೀರಲ್ಲಿ ನಿಂತು ತುಂಬಿಕೊಂಡರೆ, ಕಮಲವ್ವ ಮೇಲಿನಿಂದ ಸೇದಿ, ಎರಡು ಮಡಿಕೆಯ ಅರಿವೆಯಲ್ಲಿ ಸೋಸುತ್ತಿದ್ದಳು. ಆಮೇಲೆ ಅರಿವೆಯನ್ನು ತಿರುವಿ, ಸೋಸಿದ ನೀರಲ್ಲೇ ತೊಳೆದು, ಆ ನೀರನ್ನು ಗಿಂಡಿಯಲ್ಲಿ ಹಿಡಿದು ಮತ್ತೆ ಬಾವಿಗೇ ಇಳಿಬಿಡುತ್ತಿದ್ದಳು. ಅರಿವೆಗೆ ಸಿಕ್ಕ ಸಣ್ಣ ಜೀವಗಳು ಸಾಯದೆ ತಮ್ಮ ಮನೆಗೆ ಮರಳಬೇಕು. ಅದು ಅವರ ಧರ್ಮ. ಅವಳ ಭುಜ ನೋಯುತ್ತಿದ್ದುದರಿಂದ ಗಿಂಡಿಯ ಹಗ್ಗ ಹಿಡಿಯುವವಳು ಯಲ್ಲಕ್ಕ.

"ಹಗೂರ ಬಿಡು ಬೇ, ನೋವಾದೀತು ಅವಕ್ಕ."

"ಬಾಣಂತಿನ್ನೂ ಇಷ್ಟು ಹಗೂರ ಕಳಸೂದಿಲ್ಲ ತಾಯಿ ನಾವು."

ರಾಯಪ್ಪ ಹೋದ ಮೇಲೆ ಯಲ್ಲಕ್ಕ ಗಂಡನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಗೋಕಾಕಿನ ಡಾಕ್ಟರರ ಮುಂದೆ ಇಳಿಸಿದಳು.

"ನಿಮ್ಮ ಬಾವಿ ನೀರಾಗ ಸಣ್ಣ ಹುಳ ಅದಾವ. ಅವುಗಳ ಹೊಟ್ಟ್ಯಾಗ ಈ ನಾರಿನ ಮರಿ. ಈ ವರ್ಷ ಕುಡಿದದ್ದು ಬರೂ ವರ್ಷ ಕಾಲಾಗ ಬರತೈತಿ," ಅಂದರು ಡಾಕ್ಟರರು. "ಅರಬಿ ಮಡಚಿ ಸೋಸಿ ಕುಡೀರಿ. ಹುಣ್ಣಿನಿಂದ ಮರಿ ನೀರಿಗೆ ಬೀಳ್ತಾವ, ಆ ಕಾಲು ಬಾವ್ಯಾಗ ಇಡಬ್ಯಾಡ್ರಿ."

ಮರಳುವ ದಾರಿಯುದ್ದಕ್ಕೂ ಯಲ್ಲಕ್ಕ ಮಾತಾಡಲಿಲ್ಲ. ಎತ್ತುಗಳು ಗಾಬರಿಯಾಗಿ ಎರಡು ಸಲ ಹಿಂತಿರುಗಿ ನೋಡಿದವಂತೆ.

ಮರುದಿನ ಬಾವಿಯಲ್ಲಿ ಗಿಂಡಿ ಅರ್ಧ ಇಳಿದಾಗ ಅವಳು ಹಗ್ಗ ನಿಲ್ಲಿಸಿದಳು.

"ಕಮಲಕ್ಕಾ, ನಿಮ್ಮ ಮನ್ಯಾಗ ನಾರು ಯಾಕ ಆಗೂದಿಲ್ಲ?"

ಕಮಲವ್ವ ಬಾವಿಯೊಳಗೆ ನೋಡುತ್ತ ಹೇಳಿದಳು: "ಸೋಸಿ ಕುಡಿದ್ರ ಆಗೂದಿಲ್ಲ ಅಂತ ನಮ್ಮತ್ತಿ ಅಂತಿದ್ಲು."

"ನನಗ್ಯಾಕ ಹೇಳಲಿಲ್ಲ?"

"ನಮ್ಮ ಆಚಾರ ನೀವೆಲ್ಲಿ ಮಾಡ್ತೀರಿ ಅಂತ ಬಿಟ್ಟೆ."

"ನಿನ್ನ ಕೊಡದಾಗಿನ ಹುಳ ತಗದು ನನ್ನ ಕೊಡಕ್ಕ ಹಾಕಿದಿ. ಅದೂ ನನ್ನ ಕೈಲೇ."

"ನಿನ್ನ ಗಂಡ ಹುಣ್ಣಿನ ಕಾಲು ಇಲ್ಲೇ ತೊಳೀತಿದ್ದ. ನಾ ಏನರ ಅಂದೆನೇನ?"

ಅದೂ ಖರೆ. ಆದರೆ ಮೋಸ ಹೋದ ಮನಸ್ಸು ಪಂಚಾಯತಿ ಕಟ್ಟೆಯಲ್ಲ, ಎರಡೂ ಕಡೆಯ ಮಾತು ಕೇಳುವುದಿಲ್ಲ. ಯಲ್ಲಕ್ಕ ಗಿಂಡಿಯನ್ನು ಕೈಬಿಡಲಿಲ್ಲ. ಹಗುರವಾಗಿ ಇಳಿಸಿ, ನೀರಿಗೆ ಬಾಗಿಸಿ, ಹಗ್ಗದ ತುದಿಯನ್ನು ಕಮಲವ್ವನ ಕೈಗಿಟ್ಟು ಹೋದಳು.

ಆಮೇಲೆ ಮಹಾಸಮರ. ಕಮಲವ್ವ ಹಿಂದೆ ತನಗೆ ಉಡಿಸಿದ್ದ ಸೀರೆಯನ್ನೇ ಹರಿದು ಯಲ್ಲಕ್ಕ ಓಣಿಗೆಲ್ಲ ಸೋಸುವ ಅರಿವೆ ಹಂಚಿದಳು. ಬಾವಿಯ ಮೊದಲ ಮೆಟ್ಟಿಲು ಅವಳ ಸಿಂಹಾಸನ. ಹುಣ್ಣಿನ ಕಾಲು ಕೆಳಗಿಳಿಯದು, ಸೋಸದ ಕೊಡ ಮೇಲೇರದು. ಗೌಡರ ಆಳು ಶೆಟ್ಟೆಪ್ಪ ಒಮ್ಮೆ ಎದೆ ಸೆಟೆಸಿ ಬಂದ.

"ಬಾವಿ ನಿಮ್ಮಪ್ಪಂದೇನ?"

"ಹುಳಾ ನಿಮ್ಮವ್ವನ ಬಳಗೇನ, ಹೊಟ್ಟ್ಯಾಗ ಇಟ್ಕೊಂಡು ಹೋಗಾಕ? ಸೋಸು."

ಶೆಟ್ಟೆಪ್ಪ ಸೋಸಿದ.

ಮುಂದಿನ ಬೇಸಿಗೆಗೆ ಮಾಲಿಂಗಪ್ಪನ ಕಾಲಲ್ಲಿ ಗುಳ್ಳೆ ಏಳಲಿಲ್ಲ. ರಾಯಪ್ಪ ಮುಖ ಸಣ್ಣದು ಮಾಡಿಕೊಂಡು ಕೋಲು ಅಣ್ಣನ ಕೈಗೆ ಕೊಟ್ಟ. ಕುರಿಗಳ ಹಿಂದೆ ಯಲ್ಲಕ್ಕನೂ ಹೊರಟಳು. ಜೈನರ ಓಣಿ ದಾಟುವಾಗ ಕಮಲವ್ವ ಬೆಲ್ಲ, ತಂಬಿಗೆ ಹಿಡಿದು ಬಾಗಿಲಿಗೆ ಬಂದಳು.

"ನೀರು ಕುಡದು ಹೋಗು, ಯಲ್ಲಕ್ಕ."

ಯಲ್ಲಕ್ಕ ಸೊಂಟದಿಂದ ಅರಿವೆ ತೆಗೆದಳು. ಎರಡು ಮಡಿಕೆ ಮಾಡಿ, ಊರಲ್ಲೇ ಅತಿ ಶುದ್ಧವಾದ ಆ ನೀರನ್ನು ಕಮಲವ್ವನ ಕಣ್ಣೆದುರಿಗೇ ಸೋಸಿ ಕುಡಿದಳು.

ಕಮಲವ್ವನ ಕಣ್ಣು ತುಂಬಿದವು. ಆದರೂ ದೃಷ್ಟಿ ಅರಿವೆಯ ಮೇಲೇ ಇತ್ತು. "ಅದನ್ನ ಬಾವ್ಯಾಗ ತೊಳದು ಹೋಗು ಬೇ, ಜೀವ ಇದ್ದಾವು," ಅಂದಳು ಮೆಲ್ಲಗೆ.

ಯಲ್ಲಕ್ಕ ಅರಿವೆಯನ್ನು ಒಮ್ಮೆ ಝಾಡಿಸಿ, ತಲೆಯ ಮೇಲೆ ಬಿಸಿಲಿಗೆ ಹರವಿಕೊಂಡು, ಕುರಿಗಳ ಹಿಂದೆ ನಡೆದಳು.