ಮುದಗಲ್ಲ ಕೋಟೆಯ ಮೆಟ್ಟಿಲ ಮೇಲೆ ಸುಟ್ಟ ಕುಳ್ಳು

ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೆ. ಸಾಲಗುಂದದಿಂದ ಬಂದ ಹೊಸ ಅಕ್ಕಿ. ಎದುರುಮನೆಯ ಬಟ್ಟೆ ಅಂಗಡಿಯವರ ಹೆಂಡತಿ ಸೆರಗು ಸಿಗಿಸಿಕೊಳ್ಳುತ್ತ ಬಂದಳು.

“ನಾಳೆ ನಸಿಕಿಲೆ ನಮ್ಮ ಜೀಪು ಇಳಕಲ್ಲಿಗೆ ಹೊಂಟೈತ್ರಿ, ಮದವಿ ಸೀರಿ ತರಾಕ. ಎರಡು ಮಂದಿಗೆ ಜಾಗ ಐತಿ. ನಿಮ್ಮನ್ನ ಮುದಗಲ್ಲಿನಾಗ ಇಳಿಸಿ, ಮಧ್ಯಾಹ್ನ ಬರೂಮುಂದ ಹತ್ತಿಸ್ಕೊಂತೀವಿ. ಅತ್ತೀನ ಕೇಳ್ರಿ.”

“ಬರ್ತೀವಿ! ಕೇಳೂದೇನೈತಿ?” ಎಂದು ಒಳಗಿನಿಂದ ಅತ್ತೆಯೇ ಕೂಗಿದರು.

ಎಂಬತ್ತರ ದಶಕದ ಮಾತು. ಅತ್ತೆಗೆ ಆಗ ಎಪ್ಪತ್ತರ ಹತ್ತಿರ. ಅವರು ಹುಟ್ಟಿದ್ದು ಮುದಗಲ್ಲಿನಲ್ಲಿ, ಕೋಟೆ ಗುಡ್ಡದ ಬುಡದಲ್ಲೇ. ಅಣ್ಣಂದಿರು ದಿನಾ ಗುಡ್ಡ ಹತ್ತಿ ಇಳಿಯುತ್ತಿದ್ದರಂತೆ. ಹೆಣ್ಣುಹುಡುಗಿ ಎಂದು ಇವರನ್ನು ಬಿಡಲಿಲ್ಲ. ಹತ್ತು ವರ್ಷಕ್ಕೇ ಮದುವೆಯಾಗಿ ಸಿಂಧನೂರಿಗೆ ಬಂದರು. ಈಗ ತವರಲ್ಲಿ ಯಾರೂ ಉಳಿದಿರಲಿಲ್ಲ, ಮೊಣಕಾಲೂ ಮಾತು ಕೇಳುತ್ತಿರಲಿಲ್ಲ. “ಒಮ್ಮೆ ಏರಿ ಬಿಟ್ಟರ ಸಾಕವ್ವ. ಈ ವರ್ಷ ಆಗಲಿಲ್ಲಂದ್ರ ಮುಗೀತು” ಎನ್ನುತ್ತಿದ್ದರು.

ಅತ್ತೆ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ತೊಟ್ಟು ನೀರನ್ನೂ ಬಾಯಿಗೆ ಹಾಕುವವರಲ್ಲ. ಆ ದಿನ ಕೋಟೆಯ ಮೇಲೆಯೇ ಪೂಜೆ ಎಂದು ತೀರ್ಮಾನಿಸಿದರು. ವಿಭೂತಿ, ಪತ್ರಿ, ತಟ್ಟೆ, ಬಟ್ಟಲು ಒಂದು ಬಿಳಿ ಬಟ್ಟೆಯಲ್ಲಿ ಕಟ್ಟಿದೆ. ರೊಟ್ಟಿ ಬುತ್ತಿಯನ್ನು ಅಂಥದೇ ಇನ್ನೊಂದರಲ್ಲಿ.

ಮಸ್ಕಿ ದಾಟುವಾಗ ಗುಡ್ಡದ ಮಲ್ಲಯ್ಯನಿಗೆ ಜೀಪಿನಿಂದಲೇ ಕೈಮುಗಿದೆವು. ಲಿಂಗಸುಗೂರಿನಲ್ಲಿ ಉಳಿದವರು ಚಹಾ ಕುಡಿದರು, ಅತ್ತೆ ಜಪ ಮಾಡಿದರು. ಮುದಗಲ್ಲಿನಲ್ಲಿ ಇಳಿದು, ಕಂದಕ ದಾಟಿ, ಕೋಟೆ ಬಾಗಿಲು ಹೊಕ್ಕು, ಹತ್ತು ಮೆಟ್ಟಿಲಿಗೊಮ್ಮೆ ಕುಳಿತು ಅರ್ಧ ಗುಡ್ಡ ಏರಿದೆವು. ಅಲ್ಲಿ ನೆರಳು ನೋಡಿ ಗಂಟು ಬಿಚ್ಚಿದೆ. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ! ವಿಭೂತಿ ಗಂಟು ಜೀಪಿನಲ್ಲೇ ಉಳಿದು, ಸೀರೆ ತರಲು ಇಳಕಲ್ಲಿಗೆ ಹೋಗಿತ್ತು.

ಅತ್ತೆ ಒಮ್ಮೆ ರೊಟ್ಟಿ ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಶ್ಯಾಣ್ಯಾಕಿ. ಹಿಂಡಿ ಹಚ್ಕೋಬೇಕೇನು ಹಣಿಗೆ?”

ನಗುವ ಹಾಗಿರಲಿಲ್ಲ. ಬಿಸಿಲು ಏರಿತ್ತು, ಅವರ ತುಟಿ ಒಣಗಿತ್ತು, ತಲೆ ತಿರುಗುತ್ತಿದೆ ಎಂದರು. ಅವರೊಬ್ಬರನ್ನೇ ಬಿಟ್ಟು ಪೇಟೆಗೆ ಓಡಲು ನನಗೆ ಧೈರ್ಯವಿಲ್ಲ. ಇಬ್ಬರೂ ಇಳಿದರೆ ಆ ಮೊಣಕಾಲು ಮತ್ತೆ ಏರುವುದಿಲ್ಲ. “ನೀರರೆ ಕುಡೀರಿ ಅತ್ತಿ, ಶಿವ ಸಿಟ್ಟಾಗಂಗಿಲ್ಲ” ಎಂದೆ. “ಶಿವ ಆಗಂಗಿಲ್ಲ, ನಾ ಆಗ್ತೀನಿ” ಎಂದು ಮುಖ ತಿರುಗಿಸಿದರು.

ಸ್ವಲ್ಪ ಆಚೆ ಒಬ್ಬ ಹೆಂಗಸು ಕೋಟೆ ಗೋಡೆಯ ಕಲ್ಲಿಗೆ ಕುಳ್ಳು ತಟ್ಟುತ್ತಿದ್ದಳು. ಕೈಯಲ್ಲಿ ಸಗಣಿ, ತಲೆಯ ಮೇಲೆ ಸೆರಗು. ನಮ್ಮ ಮಾತು ಅವಳ ಕಿವಿಗೆ ಬಿದ್ದಿತ್ತು.

“ಯಾಕವ್ವ, ಏನಾತು?”

ಅತ್ತೆ ಹೇಳಿದರು. ಆಕೆ ಮೊಣಕೈಯಿಂದ ಸೆರಗು ಸರಿಪಡಿಸಿಕೊಂಡು, “ಬೂದಿ ಅಂದ್ರ ನಮ್ಮ ಒಲ್ಯಾಗ ರಗಡ ಐತಿ. ಆದ್ರ ನಾವು ಸಾಬರವ್ವ” ಎಂದಳು.

“ಸಗಣಿ ನಿಂದಲ್ಲವ್ವ, ಆಕಳದು. ತಗೊಂಡು ಬಾ.”

ಆಕೆ ಎರಡು ಹೆಜ್ಜೆ ಹೋದವಳು ನಿಂತಳು. “ಸುಳ್ಳ್ಯಾಕ ಹೇಳ್ಲಿ? ಒಲಿಗೆ ಎಮ್ಮಿ ಕುಳ್ಳೂ ಹಾಕ್ತೀನಿ. ನಿಮಗ ನಡಿಯಂಗಿಲ್ಲಲ್ಲ?”

ನಡೆಯುವುದಿಲ್ಲ. ವಿಭೂತಿಗೆ ಆಕಳ ಸಗಣಿಯೇ ಬೇಕು. ಅತ್ತೆ ಕಣ್ಣು ಮುಚ್ಚಿದರು. ನಾನು ಬುತ್ತಿ ಕಟ್ಟತೊಡಗಿದೆ, ಇನ್ನು ಇಳಿಯುವುದೇ ಎಂದು.

“ತಡೀರಿ” ಎಂದಳು ಆಕೆ. ಗೋಡೆಯ ಒಂದು ಕಡೆ ಬೆರಳು ಮಾಡಿದಳು. “ಆ ಸಾಲಿನವು ಬರೇ ಆಕಳವು. ನಿನ್ನೆ ಒಣಗ್ಯಾವು. ಸುಡೂಣೇನು?”

ಕಡ್ಡಿಪೆಟ್ಟಿಗೆ ಅವಳದೇ. ಮೆಟ್ಟಿಲ ಮೇಲೆ ಎರಡು ಕುಳ್ಳು ಮುರಿದಿಟ್ಟು ಹಚ್ಚಿ ಮೂವರೂ ಕುಳಿತೆವು. ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಇಬ್ಬರೂ ಸೊಸೆಯಂದಿರ ಬಗ್ಗೆ ಮಾತಿಗೆ ಕುಳಿತರು. “ನನ್ನ ಸೊಸಿ ಉಪ್ಪು ಮರೀತಾಳ” ಎಂದಳು ಆಕೆ. “ನಂದು ದೇವರನ್ನಽ ಮರ್ತು ಬಂದೈತಿ” ಎಂದರು ಅತ್ತೆ. ನಾನು ಬೆಂಕಿ ಊದಿದೆ.

ಬೂದಿ ಬೆಳ್ಳಗಾಗಿ ಆರುವ ಹೊತ್ತಿಗೆ ಆಕೆ ತೋರಿಸಿದ ಬಾವಿಯಿಂದ ನೀರು ಸೇದಿ ತಂದೆ. ಗೋಡೆ ಸಂದಿಯ ಎಕ್ಕೆ ಹೂವು ಕಿತ್ತೆ. ಬೂದಿಯನ್ನು ಸೆರಗಿನಲ್ಲಿ ಜರಡಿ ಹಿಡಿದೆ. ಅತ್ತೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಏನೂ ಅವಸರವಿಲ್ಲದೆ, ಮನೆಯಲ್ಲಿ ಮಾಡುವಷ್ಟೇ ಹೊತ್ತು ಪೂಜೆ ಮಾಡಿದರು. ಆಕೆ ದೂರ ಸರಿದು ನಿಂತಿದ್ದಳು. ಆಮೇಲೆ ಅತ್ತೆ ಒಂದು ಚೊಂಬು ನೀರು ಗಟಗಟ ಕುಡಿದರು. ಆ ಸದ್ದು ಕೇಳಿ ನನಗೇ ಜೀವ ಬಂತು.

ರೊಟ್ಟಿಯನ್ನು ಮೂವರೂ ತಿಂದೆವು. ನಮ್ಮ ಪುಣ್ಯ, ಅಂದು ಒಂದು ಜೀವ ನಿಜ ಹೇಳಿತು. ಎಮ್ಮೆಯ ಮಾತು ಮುಚ್ಚಿಟ್ಟಿದ್ದರೆ ನಮಗೆ ಗೊತ್ತೂ ಆಗುತ್ತಿರಲಿಲ್ಲ.

ಉಳಿದ ಗುಡ್ಡವನ್ನು ಅತ್ತೆ ನನ್ನ ಭುಜ ಹಿಡಿದು ಏರಿದರು. ಮೇಲೊಂದು ಹಳೆಯ ಕಬ್ಬಿಣದ ತೋಪು, ಸುತ್ತ ಗಾಳಿ, ಕೆಳಗೆ ಮಾಳಿಗೆ ಮನೆಗಳು. ಇಷ್ಟೇನಾ ಎಂದಾರೇನೋ ಎಂದು ಅಂಜಿದ್ದೆ. ಅತ್ತೆ ಗೋಡೆ ಹಿಡಿದು ಒಂದು ಸುತ್ತು ಹಾಕಿದರು, ನಿಂತು ಉಸಿರು ಬಿಟ್ಟರು. “ನಡಿ, ಇನ್ನೊಂದು ಸುತ್ತು ಹಾಕೂಣು” ಎಂದರು.

ಹೊತ್ತು ಮುಳುಗುವ ಮೊದಲೇ ಮನೆ ಸೇರಿದೆವು. ಮೊಣಕಾಲು ಬಾತಿದ್ದವು. ಹರಳೆಣ್ಣೆ ಬಿಸಿ ಮಾಡಿ ತಿಕ್ಕುವಾಗ ಅತ್ತೆ “ಇನ್ನ ಎಂಟು ದಿನ ನಾ ಏಳಂಗಿಲ್ಲ ನೋಡು” ಎಂದರು, ಬಹುಮಾನ ಗೆದ್ದವರ ಹಾಗೆ. ಏಳದಿದ್ದರೂ ನಡೆದೀತು ಎಂದುಕೊಂಡೆ. ಎಣ್ಣೆ ಕೈ ತೊಳೆದು ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದೆ.