ಕೆರೆಗೆ ಪಾವಟಿಗೆ ಇರಲಿಲ್ಲ

ದರ್ಜಿ ನಮ್ಮ ಮಾವನವರನ್ನು ನೀರಿಗೆ ತಳ್ಳಲಿಲ್ಲ. ಮೊದಲು ಇದನ್ನು ಬರೆದುಬಿಡುತ್ತೇನೆ, ಏಕೆಂದರೆ ತಳ್ಳಿದರೆಂದೇ ಗಂಗಾವತಿಯಲ್ಲಿ ಆ ವರ್ಷ ಬಹಳ ಜನ ಹೇಳಿದರು. ಹರಿಗೋಲಿನಲ್ಲಿದ್ದವರು ನಾವು ಮೂವರೇ. ಮೂರನೆಯವನು ನಾನು.

ಮಾವ ಎಂದರೆ ನನ್ನ ಅಕ್ಕನ ಗಂಡ, ಸಾಲೆಯಲ್ಲಿ ಮಾಸ್ತರರು. ದರ್ಜಿ ಅವರ ಗೆಳೆಯ, ಮುಸಲ್ಮಾನರು, ಬಜಾರದಲ್ಲಿ ಹೊಲಿಗೆಯ ಅಂಗಡಿ ಇಟ್ಟಿದ್ದರು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು ಅವು. ಸಾಲೆಗೆ ರಜೆ ಶುಕ್ರವಾರ. ಗುರುವಾರ ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಕಂಬಳಿ ಕಟ್ಟಿಕೊಂಡು ಬೆಟ್ಟದ ಕಡೆ ನಡೆದೆವು. ಹಿಂದೂ ಮುಸಲ್ಮಾನ ಎಂಬ ಊರಿನ ಗುಸುಗುಸು ಮಾತುಗಳಿಂದ ಎರಡು ದಿನ ದೂರ ಇರಬೇಕೆಂಬುದು ಮಾವನ ಆಸೆ. ಬಂಡೆ ಹತ್ತಿ, ಹಾಳು ಮಂಟಪವೊಂದರಲ್ಲಿ ಉಳಿದೆವು. ಬೆಳಗ್ಗೆ ಎದ್ದಾಗ ಕೆಳಗೆ ಕೆರೆ ತುಂಬಿ ನಿಂತಿತ್ತು.

ಮಾವ ಒಳ್ಳೆಯ ಈಜುಗಾರರು, ಆದರೆ ಬಾವಿಯ ಈಜುಗಾರರು. ನನಗೂ ಅವರೇ ಕಲಿಸಿದ್ದು, ತೋಟದ ಬಾವಿಯಲ್ಲಿ, ಬೆನ್ನಿಗೆ ಸೋರೆಬುರುಡೆ ಕಟ್ಟಿ. ಜೋರಾಗಿ ಕೈ ಬೀಸಿ ಎದುರಿನ ಗೋಡೆ ಮುಟ್ಟುವುದು, ಕಲ್ಲು ಹಿಡಿದು ಉಸಿರು ತೆಗೆದುಕೊಳ್ಳುವುದು, ತಿರುಗಿ ಬಂದು ಪಾವಟಿಗೆಯ ಮೆಟ್ಟಿಲು ಹತ್ತುವುದು. ನಮ್ಮ ಕಡೆಯವರಿಗೆ ಈಜು ಎಂದರೆ ಅಷ್ಟೇ. ದರ್ಜಿಗೆ ಅದೂ ಬಾರದು. ಆದರೂ ಹರಿಗೋಲು ಹತ್ತುವಾಗ ಮಾವನನ್ನು ಕಾಡದೆ ಬಿಡಲಿಲ್ಲ.

"ಮಾಸ್ತರ, ಈ ಕೆರಿಗೆ ಪಾವಟಗಿ ಎಲ್ಲಿ ಅದಾವ್ರಿ? ಹ್ಯಾಂಗ ಹತ್ತಿ ಬರ್ತೀರಿ?"

"ನೀ ಸೂಜಿ ನೋಡಕೋ ದೋಸ್ತ, ನೀರು ನಾ ನೋಡಕೋತೀನಿ," ಎಂದರು ಮಾವ.

ಹರಿಗೋಲು ಮೀನು ಹಿಡಿಯುವವನದು. ಕೇಳಿದ ಕೂಡಲೇ ಕೊಟ್ಟ. ಒಂದೇ ಹುಟ್ಟು. ನಮ್ಮ ಕೈಯಲ್ಲಿ ಅದು ಮುಂದೆ ಹೋಗುವ ಬದಲು ಬುಗುರಿಯಂತೆ ತಿರುಗಿತು, ನಾವು ನಕ್ಕೆವು. ಕೆರೆಯ ನಡುವೆ ಬಂದಾಗ ಗಾಳಿ ಎದ್ದಿತು. ದರ್ಜಿ ತಾನೂ ಒಮ್ಮೆ ನೋಡುತ್ತೇನೆಂದು ಕೈ ಚಾಚಿದರು, ಮಾವ ಹುಟ್ಟನ್ನು ಅವರತ್ತ ನೀಡಿದರು. ಇಬ್ಬರೂ ಅರ್ಧ ಎದ್ದಿದ್ದರು. ಹುಟ್ಟಿನ ಮೇಲೆ ಇಬ್ಬರ ಕೈಗಳೂ ಇದ್ದುದನ್ನು ನೋಡಿದೆ. ಆಮೇಲೆ ಯಾರ ಕೈಯೂ ಇರಲಿಲ್ಲ. ಯಾರದು ಮೊದಲು ಬಿಟ್ಟಿತೆಂದು ನನಗೆ ಗೊತ್ತಿಲ್ಲ.

ಹುಟ್ಟು ತೇಲಿ ಹೊರಟಿತು. ಮಾವ ಅಂಗಿ ಕಳಚಿಟ್ಟು ತಾವಾಗಿಯೇ ಧುಮುಕಿದರು. ಕೆಲವೇ ಬೀಸಿನಲ್ಲಿ ಹುಟ್ಟು ಹಿಡಿದು ತಿರುಗಿದರು. ಅಷ್ಟರಲ್ಲಿ ಗಾಳಿ ನಮ್ಮನ್ನು ದೂರ ತಳ್ಳಿತ್ತು. ಅವರು ಬಾವಿಯಲ್ಲಿ ಮಾಡುವಂತೆಯೇ ಮೈಯ ಬಲವೆಲ್ಲ ಹಾಕಿ ಬಂದು ಬಲಗೈ ಮುಂದೆ ಚಾಚಿದರು. ಅಲ್ಲಿ ಗೋಡೆ ಇರಲಿಲ್ಲ. ಮತ್ತೆ ಬೀಸಿದರು, ಮತ್ತೆ ಚಾಚಿದರು. ಹುಟ್ಟು ಎಲ್ಲಿ ಬಿಟ್ಟರೋ ಕಾಣಲಿಲ್ಲ.

ದರ್ಜಿ ತಲೆಯ ರುಮಾಲು ಬಿಚ್ಚಿ ಎಸೆದರು. ಮುಟ್ಟಲಿಲ್ಲ. ನೀರಿನಿಂದ ಎಳೆದು ಮತ್ತೆ ಎಸೆದರು. ಹಾರಲು ಹೊರಟ ನನ್ನ ರಟ್ಟೆ ಹಿಡಿದು ಕೂರಿಸಿ, "ನಿಮ್ಮಕ್ಕಗ ಇಬ್ಬರ ಹೆಣ ಒಯ್ಲೇನು?" ಎಂದರು. ಇಬ್ಬರೂ ಅಂಗೈಯನ್ನೇ ಹುಟ್ಟು ಮಾಡಿ ನೀರು ತಳ್ಳಿದೆವು. ಹರಿಗೋಲು ತಿರುಗಿತು. ಒಂದು ಸುತ್ತಿನಲ್ಲಿ ಮಾವನ ತಲೆ ಕಂಡಿತು, ಮುಂದಿನ ಸುತ್ತಿನಲ್ಲಿ ಕಾಣಲಿಲ್ಲ.

ದಂಡೆಯ ಮೇಲೆ ಕುರಿ ಕಾಯುವವನೊಬ್ಬನಿದ್ದ. ಇಬ್ಬರು ಎದ್ದದ್ದು, ಕೈಗಳು ಕೂಡಿದ್ದು, ಒಬ್ಬರು ನೀರಿನಲ್ಲಿದ್ದುದು ಅವನಿಗೆ ಕಂಡಿತ್ತು. ಅವನು ಹೇಳಿದ್ದೂ ಅಷ್ಟನ್ನೇ. ಉಳಿದದ್ದನ್ನು ಊರು ತುಂಬಿಸಿಕೊಂಡಿತು. ಆ ಕಾಲದಲ್ಲಿ ಹಾಗೆ ತುಂಬಿಸಲು ಜನರಿಗೆ ಹೆಚ್ಚು ಹೊತ್ತು ಬೇಕಿರಲಿಲ್ಲ. ದರ್ಜಿಯ ಅಂಗಡಿಗೆ ಬಟ್ಟೆ ಬರುವುದು ನಿಂತಿತು. ಕೊಟ್ಟಿದ್ದವರು ಹೊಲಿಯದ ಬಟ್ಟೆಯನ್ನೇ ವಾಪಸು ತಂದರು. ನಾನು ಕೇಳಿದವರಿಗೆಲ್ಲ ಕಂಡದ್ದನ್ನು ಹೇಳಿದೆ. ಹುಡುಗ ಹೆದರ್ಯಾನ ಎಂದರು ಕೆಲವರು. ಸಾಬರು ಅವನ ಬಾಯಿ ಕಟ್ಟಿದ್ದಾರೆ ಎಂದರು ಇನ್ನು ಕೆಲವರು.

ಅಕ್ಕ ನನ್ನನ್ನು ಒಮ್ಮೆ ಮಾತ್ರ ಕೇಳಿದಳು. ಹೇಳಿದೆ. ರುಮಾಲು ಎಷ್ಟು ದೂರ ಹೋಯಿತು ಎಂದು ಕೇಳಿದಳು, ಅದನ್ನೂ ಹೇಳಿದೆ. ತಿಂಗಳು ಕಳೆದ ಮೇಲೆ, ಸಂತೆಯ ದಿನ, ನನ್ನನ್ನು ಜೊತೆಗೆ ಕರೆದುಕೊಂಡು ಬಜಾರದ ನಡುವೆಯೇ ನಡೆದಳು. ಗಂಡ ಸತ್ತ ಹೆಂಗಸು ಅಷ್ಟು ಬೇಗ ಹೊಸಿಲು ದಾಟಿದ್ದನ್ನು ಜನ ನಿಂತು ನೋಡಿದರು. ದರ್ಜಿಯ ಅಂಗಡಿಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದಳು:

"ಅವರ ಅಂಗಿ ಆಗೇತೇನ್ರಿ, ಅಣ್ಣಾ?"

ದೀಪಾವಳಿಗೆಂದು ಮಾವ ಕೊಟ್ಟಿದ್ದ ಬಟ್ಟೆ ಅದು. ದರ್ಜಿ ತಲೆ ಎತ್ತಲಿಲ್ಲ.

"ತೋಳು ಹಚ್ಚೋದು ಉಳದೈತಿ, ತಂಗಿ."

"ಹಚ್ಚಿ ಕೊಡ್ರಿ. ಕುಂದರತೀನಿ."

ಕಟ್ಟೆಯ ಮೇಲೆ ಕುಳಿತಳು. ದರ್ಜಿ ಎರಡೂ ತೋಳು ಹಚ್ಚಿ, ಗುಂಡಿ ಹೊಲಿದು, ಇಸ್ತ್ರಿ ಮಾಡಿ ಕೊಟ್ಟರು. ನೋಡಿದವರು ಒಬ್ಬೊಬ್ಬರಾಗಿ ಸರಿದರು. ಯಾರೂ ಬಟ್ಟೆ ತರಲಿಲ್ಲ.

ಮುಂದಿನ ಸಂತೆಯ ಹೊತ್ತಿಗೆ ಅಂಗಡಿಗೆ ಬೀಗ ಬಿದ್ದಿತ್ತು. ಎಲ್ಲಿಗೆ ಹೋದರೆಂದು ತಿಳಿಯಲಿಲ್ಲ. ಅಂಗಿಯನ್ನು ಅಕ್ಕ ನನಗೆ ಕೊಟ್ಟಳು. ಭುಜ ದೊಡ್ಡದಾಗಿತ್ತು. ಬಿಚ್ಚಿ ಹೊಲಿಸೋಣ ಎಂದೆ. ಬೇಡ ಎಂದಳು.