ಹಲಸಿನ ಬೇರು ಹಿಡಿದ ಬಾಟಲಿಗಳು

ಹಳಿಯಾಳದ ಸಂತೆಯಲ್ಲಿ ಇಜಾಬೆಲ್‌ಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಬಾಟ್ಲಿಬಾಯಿ. ಕಾಡಿನ ಬಂಗಲೆಗಳ ಹಿತ್ತಲು, ಹಾಳುಬಿದ್ದ ಕಟ್ಟಿಗೆ ಡಿಪೋ, ಹೊಳೆದಂಡೆ, ಹಿಂದಿನವರು ಎಲ್ಲೆಲ್ಲಿ ಕುಡಿದು ಬಿಸಾಡಿದ್ದರೋ ಅಲ್ಲೆಲ್ಲ ಕೆದರಿ, ಸಿಕ್ಕಿದ್ದನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಬುಟ್ಟಿ ಹೊತ್ತು ಸಂತೆಗೆ ನಡೆಯುವವಳು. ಜೇನು ಮಾರುವವರು ಅವಳ ದಾರಿ ಕಾಯುತ್ತಿದ್ದರು. ತೀರ ಹಳೆಯವನ್ನು ಮಾತ್ರ ಬೇರೆ ಕಟ್ಟಿ ಸಕ್ಕುಬಾಯಿಯ ಹಳೆ ಸಾಮಾನಿನ ಅಂಗಡಿಗೆ ಒಯ್ಯುತ್ತಿದ್ದಳು. ಬೆಳಗಾವಿಯ ಶೋಕಿಯ ಜನ ಅಂಥವನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದರು. ಹಳತು ಹೊಸತು ಗುರುತಿಸುವುದನ್ನು ಕಲಿಸಿದವಳೂ ಸಕ್ಕುಬಾಯಿಯೇ. ಮೊದಮೊದಲು ಹೊಸದನ್ನೇ ಹಳತೆಂದು ಒಯ್ದು ಬೈಸಿಕೊಂಡ ಇಜಾಬೆಲ್, ಕಡೆಗೆ ಕಣ್ಣು ಮುಚ್ಚಿ ಬೆರಳಾಡಿಸಿ ಹೇಳುವಷ್ಟು ಪಳಗಿದಳು.

ಗೋವೆ ಬಿಡುಗಡೆಯಾದ ಮರುವರ್ಷದ ಬೇಸಿಗೆ. ಕಾಡಂಚಿನ ಸಿದ್ದಿಗಳ ಕೇರಿಯಲ್ಲಿ ಅವಳ ಮನೆಯ ಹಿಂದಿದ್ದ ಹಲಸಿನ ಮರಕ್ಕೆ ಯಾರೋ ಕೆಂಪು ಬಣ್ಣ ಬಳಿದು ಹೋಗಿದ್ದರು. ಕಡಿಯುವ ಮರಕ್ಕೆ ಹಾಕುವ ಗುರುತು ಅದು. ಹಾಕಿಸಿದವನು ದಾಂಡೇಲಿಗೆ ದಿಮ್ಮಿ ಸಾಗಿಸುವ ಗುತ್ತಿಗೆದಾರ ನಾಗಲಿಂಗಪ್ಪ. ಮರ ತಾನಾಗಿ ಹುಟ್ಟಿದ್ದು, ಸರಕಾರದ ಕಾಡಿಗೆ ಸೇರಿದ್ದು ಎಂದು ಅವನ ವಾದ. ಇಜಾಬೆಲ್‌ಳ ಗಂಡ ಬಸ್ತ್ಯಾಂವ ಅದೇ ನಾಗಲಿಂಗಪ್ಪನ ಕೈಕೆಳಗೆ ಮರ ಕಡಿಯುವವನು. ಆ ಸಂಜೆ ಕೊಡಲಿಯನ್ನು ಗೋಡೆಗೆ ಆನಿಸಿ, ಅನ್ನವನ್ನೂ ಮುಟ್ಟದೆ ಕೂತ. ಮರುದಿನ ಆ ಮರ ಕಡಿಯುವ ಸರದಿ ಅವನದೇ ಆಗಿತ್ತು. ಗಿಡ ಹೋದರೆ ಹೋಗಲಿ, ಮನೆಯೊಂದು ಉಳಿದರೆ ಸಾಕೆಂದು ಮೆಲ್ಲಗೆ ಹೇಳಿ ನೋಡಿದ.

"ಗಿಡ ಕಾಡಿಂದು ಅಂತ ಇವತ್ತ ಒಪ್ಪಿಕೊಂಡ್ರ, ಅದರ ನೆಳ್ಳಾಗಿನ ಮನೀನೂ ನಾಳೆ ಕಾಡಿಂದ ಆಗ್ತೈತಿ," ಎಂದಳು ಇಜಾಬೆಲ್.

ಬೆಳಿಗ್ಗೆ ಜನ ಬಂದಾಗ ಅವಳು ಮರಕ್ಕೆ ಬೆನ್ನು ಕೊಟ್ಟು ಕೂತಿದ್ದಳು. ಎಬ್ಬಿಸಲು ಬಂದವರಿಗೆ, ತನ್ನ ಮೈಮೇಲೆ ಕೈ ಹಾಕಿದರೆ ಕೇರಿಯ ಹೆಂಗಸರೆಲ್ಲ ಎದ್ದು ಬರುತ್ತಾರೆಂದು ಹೇಳಿದಳು. ಹೆಂಗಸರು ಆಗಲೇ ಎದ್ದು ಬಂದಿದ್ದರು. ನಾಗಲಿಂಗಪ್ಪ ಸಿಟ್ಟಿನಿಂದ ರೇಂಜರನನ್ನು ಕರೆತಂದ. ರೇಂಜರ ಕೆಟ್ಟ ಮನುಷ್ಯನಲ್ಲ. ಈ ಮರವನ್ನು ನೆಟ್ಟಿದ್ದು ಎನ್ನಲು ಏನು ಆಧಾರ ಎಂದು ಕೇಳಿದ.

ತನ್ನ ಅಜ್ಜ ಇನಾಸ ಗೋವೆಯ ಸಾಹುಕಾರರ ಚಾಕರಿ ಬಿಟ್ಟು ಓಡಿಬಂದು ಇಲ್ಲಿ ನೆಲೆಯೂರಿದ್ದು, ಈ ಹಲಸಿನ ಸಸಿ ನೆಟ್ಟು, ಹಂದಿ ಕಿತ್ತುಹಾಕದಿರಲೆಂದು ಅದರ ಸುತ್ತ ಬಾಟಲಿಗಳನ್ನು ತಲೆಕೆಳಗಾಗಿ ಹುಗಿದು ಬೇಲಿ ಮಾಡಿದ್ದು, ತಾಯಿಯಿಂದ ಕೇಳಿದ್ದ ಅದನ್ನೆಲ್ಲ ಅವಳು ರೇಂಜರನಿಗೆ ಹೇಳಿದಳು. ಬಾಟಲಿಗಳನ್ನು ತಾನು ಕಣ್ಣಾರೆ ಕಂಡಿರಲಿಲ್ಲ. ಅಗೆದಾಗ ಏನೂ ಸಿಗದಿದ್ದರೆ? ಆದರೂ ಹಾರೆ ಎತ್ತಿಕೊಂಡು ಅಗೆಯತೊಡಗಿದಳು. ಬೇಸಿಗೆಯ ನೆಲ, ಕಲ್ಲಿನಂತಿತ್ತು. ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ ಬಸ್ತ್ಯಾಂವ, ನಾಗಲಿಂಗಪ್ಪನ ಎದುರಿಗೇ ಕೊಡಲಿ ಕೆಳಗಿಟ್ಟು, ಹೆಂಡತಿಯ ಕೈಯಿಂದ ಹಾರೆ ಇಸಿದುಕೊಂಡ.

ಮೊಳದಾಳದಲ್ಲಿ ಗಾಜು ಕಂಡಿತು. ಮೊದಲು ಒಂದು ದುಂಡನೆಯ ಬಾಟಲಿ, ಅದರಾಚೆ ಚೌಕನೆಯ ಕಡುಹಸಿರು ಬಾಟಲಿ.

ಬಾಟಲಿ ಆಯುವುದೇ ಇವಳ ಕಸುಬು, ಹೋದ ವರ್ಷ ತಾನೇ ಹುಗಿದಿರಬೇಕೆಂದು ನಾಗಲಿಂಗಪ್ಪ ನಕ್ಕ. ಇಜಾಬೆಲ್ ಒಳಗಿನಿಂದ ಒಂದು ಹೊಸ ಬಾಟಲಿ ತಂದು ರೇಂಜರನ ಕೈಗೆ ಕೊಟ್ಟಳು. ಅಚ್ಚಿನ ಎರಡು ಭಾಗ ಕೂಡಿದ ಗೆರೆ ತಳದಿಂದ ಬಾಯಿಯ ಅಂಚಿನವರೆಗೂ ಹತ್ತಿತ್ತು. ಆಮೇಲೆ ದುಂಡನೆಯದನ್ನು ಮಣ್ಣೊರೆಸಿ ಕೊಟ್ಟಳು. ಅದರ ಗೆರೆ ಕುತ್ತಿಗೆಯ ಕೆಳಗೇ ಮಾಯವಾಗಿತ್ತು. ಯಂತ್ರ ಬರುವ ಮೊದಲು ಬಾಯನ್ನು ಕೈಯಿಂದ ಸುತ್ತಿ ಕೂಡಿಸುತ್ತಿದ್ದರು, ಅದಕ್ಕೇ ಅಂಚು ಸೊಟ್ಟ, ಗಾಜಿನ ತುಂಬ ಗುಳ್ಳೆ ಎಂದು ವಿವರಿಸಿದಳು. ಇನ್ನೂ ಗುಂಡಿಯಲ್ಲೇ ಇದ್ದ ಚೌಕನೆಯದರ ಮೈಮೇಲೆ ಉಬ್ಬಕ್ಷರಗಳಿದ್ದವು. ಅವಳಿಗೆ ಓದಲು ಬಾರದು. ರೇಂಜರನೇ ಕುಕ್ಕರಗಾಲಲ್ಲಿ ಕೂತು, ಮಣ್ಣು ಕೆರೆದು ಓದಿದ. ಹಾಲೆಂಡಿನ ಜಿನ್ ಬಾಟಲಿ, ಗೋವೆಯ ಹಡಗಿನಲ್ಲಿ ಬಂದಿರಬಹುದು ಎಂದ.

ಹಳೆಯ ಬಾಟಲಿಯನ್ನು ನಿನ್ನೆಯೂ ಹುಗಿಯಬಹುದಲ್ಲ ಎಂದು ನಾಗಲಿಂಗಪ್ಪ ಪಟ್ಟು ಬಿಡಲಿಲ್ಲ. ಇಜಾಬೆಲ್ ಚೌಕನೆಯ ಬಾಟಲಿಯ ಹಿಂಬದಿಯ ಮಣ್ಣನ್ನು ಬೆರಳಿನಿಂದ ಬಿಡಿಸಿದಳು. ತೋಳಿನಷ್ಟು ದಪ್ಪದ ಬೇರು ಅದನ್ನು ಅರ್ಧಕ್ಕೆ ನುಂಗಿ ಬೆಳೆದಿತ್ತು.

"ಬಾಟ್ಲಿ ನಾ ಹುಗೀಬಹುದ್ರಿ. ಬೇರಿಗೆ ಅಪ್ಪಿಕೋ ಅಂತ ಹೇಳಾಕ ನನಗ ಬರ್ತೈತೇನು?"

ಬಾಟಲಿಯನ್ನು ಪುರಾವೆಯೆಂದು ಹಿಡಿಯುವ ಕಾನೂನು ತನಗೆ ಗೊತ್ತಿಲ್ಲ ಎಂದ ರೇಂಜರ. ಆದರೂ ಮೇಲಿನವರು ನೋಡುವ ತನಕ ಕಡಿಯಕೂಡದೆಂದು ಹೇಳಿದ. ತೋರಿಸಲು ಆ ಬಾಟಲಿ ಬಿಡಿಸಿಕೊಡು ಎಂದಾಗ ಇಜಾಬೆಲ್ ಅಡ್ಡ ನಿಂತಳು.

"ಬೇರು ಕಡೀಲಾರ್ದ ಅದು ಬರೂದಿಲ್ಲ. ನೋಡಾವ್ರು ಎಷ್ಟ ದೊಡ್ಡವ್ರಿದ್ರೂ ಇಲ್ಲಿಗೇ ಬರ್ಲಿ, ಬಗ್ಗಿ ನೋಡ್ಲಿ."

ಅಂದೇ ಬಸ್ತ್ಯಾಂವನ ಕೆಲಸ ಹೋಯಿತು. ಅವನು ದೂರದ ಇನ್ನೊಂದು ತಂಡ ಸೇರಿಕೊಂಡ. ವಾರಕ್ಕೊಮ್ಮೆ ಮನೆಗೆ ಬರುವಂತಾಯಿತು. ಇಜಾಬೆಲ್ ಗುಂಡಿ ಮುಚ್ಚಲಿಲ್ಲ. ಮಳೆ ಹಿಡಿಯುವ ಮುನ್ನ ಮೇಲಿನ ಸಾಹೇಬರು ಜೀಪಿನಲ್ಲಿ ಬಂದರು. ಅವಳು ಅಲ್ಲೇ ಕೂತು ಬಾಟಲಿ ತಿಕ್ಕುತ್ತಿದ್ದಳು, ಏಳಲಿಲ್ಲ. ಸಾಹೇಬರು ಇಸ್ತ್ರಿ ಮಾಡಿದ ಪ್ಯಾಂಟಿನ ಮೊಣಕಾಲೂರಿ, ಗುಂಡಿಗೆ ಕೈ ಇಳಿಸಿ ಬೇರನ್ನೂ ಗಾಜನ್ನೂ ಮುಟ್ಟಿ ನೋಡಿದರು. ನೆಟ್ಟು ಬೆಳೆಸಿದ ಮರವೇ ಇದು, ಬಣ್ಣದ ಗುರುತು ಅಳಿಸಿರಿ ಎಂದು ಕಡೆಗೆ ಅಪ್ಪಣೆ ಕೊಟ್ಟರು. ಮನೆಯ ಜಾಗದ ಹಕ್ಕು ಮಾತ್ರ ತಮ್ಮ ಕೈಯಲ್ಲಿಲ್ಲ ಎಂದು ಜೀಪಿನತ್ತ ಹೊರಟರು.

ಇಜಾಬೆಲ್ ಆಗ ಎದ್ದಳು. ಬೂದಿಗೈ ಸೀರೆಗೆ ಒರೆಸಿಕೊಂಡು ಜೀಪಿನ ಮುಂದೆ ನಿಂತಳು.

"ಯಾರ ಕೈಯಾಗೈತಿ, ಅವರ ಹೆಸರು ಹೇಳಿ ಹೋಗ್ರಿ," ಎಂದಳು.